ಡಬ್ಬಿಯೊಳಗೆ ಸಿಕ್ಕಿಬಿದ್ದ ಮದುವೆ

ದಸರೆ ಮುಗಿದ ಮೇಲಿನ ಆ ದಿನಗಳಲ್ಲಿ ನಾನು ಯಾರದೋ ಮದುವೆಯನ್ನು ಕಂಪ್ಯೂಟರಿನಲ್ಲಿ ಓಡಿಸುತ್ತ, ಬೇರೆ ಮದುವೆಗಾಗಿ ಕಾದು ಕೂತ ಮನುಷ್ಯನಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದೆ. ಆತ ನೋಡಬೇಕಾಗಿದ್ದ ಮದುವೆ ನನ್ನ ಕೈಗೆ ಒಂದು ಮೊಳ ದೂರದಲ್ಲಿ, ಒಂದು ಕಪ್ಪು ಡಬ್ಬಿಯೊಳಗೆ ಇತ್ತು. ಡಬ್ಬಿಯ ದೀಪ ಹತ್ತುತ್ತಿತ್ತು, ಡಬ್ಬಿ ಮಾತ್ರ ತೆರೆಯುತ್ತಿರಲಿಲ್ಲ. ಇದನ್ನು ಆತನಿಗೆ ಹೇಳುವ ಹಾಗಿರಲಿಲ್ಲ. ಯಾಕೆ ತೆರೆಯುತ್ತಿಲ್ಲ ಎಂಬುದನ್ನು ಮನೆಯಲ್ಲಿ ಹೇಳುವ ಹಾಗಿರಲಿಲ್ಲ. ಅತ್ತ ದರಿ, ಇತ್ತ ಪುಲಿ, ನಡುವೆ ನನ್ನ ಕುರ್ಚಿ.

ಬಸವಕಲ್ಯಾಣದಲ್ಲಿ ನಮ್ಮ ಮನೆಯ ಮುಂದಿನ ಖೋಲಿಯೇ ನಮ್ಮ ಸ್ಟುಡಿಯೋ. ರೀಲು ಹಾಕುವ ಕ್ಯಾಮೆರಾದ ಕಾಲದಲ್ಲಿ ಮಾವನವರು ಶುರು ಮಾಡಿದ್ದು. ಈಗ ಮದುವೆಗಳಿಗೆ ಹೋಗಿ ಶೂಟಿಂಗ್ ಮಾಡುವುದು ನನ್ನ ಗಂಡ. ತಂದದ್ದನ್ನೆಲ್ಲ ಕತ್ತರಿಸಿ ಜೋಡಿಸಿ ಹಾಡು ಕೂಡಿಸುವುದು ನಾನು. ಸೊಸೆಯಾದವಳು ಅಡಿಗೆಮನೆಯಲ್ಲಿ ಸಿಕ್ಕಿಕೊಳ್ಳುತ್ತಾಳೆ ಅನ್ನುತ್ತಾರೆ. ನಾನು ಮುಂದಿನ ಖೋಲಿಯಲ್ಲಿ ಸಿಕ್ಕಿಕೊಂಡವಳು. ಕರೆಂಟಿನ ಬೋರ್ಡು ಒಳಗೋಡೆಗೆ ಇರುವುದರಿಂದ ಮೇಜೂ ಅಲ್ಲೇ, ನನ್ನ ಮುಖ ಗೋಡೆಗೆ, ಬೆನ್ನು ರಸ್ತೆಗೆ. ಬಂದ ಗಿರಾಕಿಗಳು ಹೆಚ್ಚಾಗಿ ನನ್ನ ಹೆರಳಿನ ಜೊತೆಗೇ ಮಾತಾಡಿ ಹೋಗುತ್ತಾರೆ.

ಮದುವೆಗಳೆಲ್ಲ ಇರುವುದು ಒಂದು ದೊಡ್ಡ ಹಾರ್ಡ್ ಡಿಸ್ಕಿನಲ್ಲಿ. ಅದಕ್ಕೆ ಲ್ಯಾಪ್‌ಟಾಪಿನ ಕರೆಂಟು ಸಾಲದು, ಬೇರೆ ವೈರು ಬೇಕು. ಡಿಸ್ಕ್ ಬೇರೆ, ಅದನ್ನಿಡುವ ಡಬ್ಬಿ ಬೇರೆ ಕೊಂಡುತಂದು ನನ್ನ ಗಂಡ ಜೋಡಿಸಿದ್ದರು. ಡಬ್ಬಿಯ ನೆತ್ತಿಯ ಮೇಲೆ ಕಾವು ಹೋಗಲು ಸಣ್ಣ ಸಣ್ಣ ಸೀಳುಗಳಿದ್ದವು. ಯಾವುದನ್ನೇ ಆಗಲಿ ಎರಡು ಕಡೆ ಇಡಬೇಕು ಎಂದು ನಾನು ಹೇಳುತ್ತಲೇ ಇದ್ದೆ. ಒಂದು ಮದುವೆ ತುಂಬಿಕೊಂಡ ಕ್ಯಾಮೆರಾದ ಕಾರ್ಡು ಖಾಲಿ ಮಾಡದೆ ಇನ್ನೊಂದು ಮದುವೆಗೆ ಹೊರಡಲಾಗದ ಬೇಸಿಗೆಯಲ್ಲಿ ನನ್ನ ಮಾತು ಗಾಳಿಗೆ ಹೋಗುತ್ತಿತ್ತು.

ದಸರೆಯ ಖಂಡೇ ಪೂಜೆ, ಅಂದರೆ ಆಯುಧ ಪೂಜೆಯ ದಿನ ನಮ್ಮ ಮನೆಯಲ್ಲಿ ಪೂಜೆ ಅತ್ತೆಯವರ ಕೈಯಲ್ಲೇ ಆಗಬೇಕು. ಕ್ಯಾಮೆರಾ, ಸ್ಟ್ಯಾಂಡು, ಲೈಟು, ಲ್ಯಾಪ್‌ಟಾಪು ಎಲ್ಲವನ್ನೂ ಕಂಬಳಿಯ ಮೇಲೆ ಸಾಲಾಗಿ ಇಟ್ಟು, ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಚೆಂಡು ಹೂ ಏರಿಸುತ್ತಾರೆ. ಮನೆ ನಡೆಸುವ ಸಾಮಾನು ದೇವರಿಗೆ ಸಮ ಎಂಬುದು ಅವರ ನಂಬಿಕೆ. ಅದರಲ್ಲಿ ನನಗೂ ಮಾತಿಲ್ಲ. ಆಮೇಲೆ ಕಾಯಿ ಒಡೆದು, ಆ ನೀರನ್ನು ತಂಬಿಗೆಯಲ್ಲಿ ಹಿಡಿದು, ಹೂವಿನಿಂದ ಎಲ್ಲದರ ಮೇಲೂ ಚಿಮುಕಿಸುತ್ತಾರೆ. ಕಬ್ಬಿಣದ ಸ್ಟ್ಯಾಂಡಿಗೆ ಅದರಿಂದ ಏನೂ ಆಗುವುದಿಲ್ಲ. ಈ ಸಲ ಹಾರ್ಡ್ ಡಿಸ್ಕೂ ಮೊದಲ ಬಾರಿಗೆ ಸಾಲಿನಲ್ಲಿ ಕೂತಿತ್ತು. ಎಲ್ಲ ಮದುವೆ ಅದರಲ್ಲೇ ಇವೆ ಎಂದು ಯಾರೋ ಹೇಳಿದ್ದರು, ಹಾಗಾಗಿ ಅದಕ್ಕೆ ಭಕ್ತಿಯೂ ಒಂದು ಹಿಡಿ ಜಾಸ್ತಿ, ನೀರೂ ಒಂದು ಹಿಡಿ ಜಾಸ್ತಿ.

ನಾನು ಅಡಿಗೆಮನೆಯಿಂದ ಹೂರಣದ ಕೈಯಲ್ಲೇ ಬಂದು ನೋಡುವ ಹೊತ್ತಿಗೆ ಸೀಳುಗಳ ಮೇಲೆ ಹನಿಗಳು ಮಿಂಚುತ್ತಿದ್ದವು. ಒರೆಸಲು ಹೋದೆ. ಅತ್ತೆಯವರು ಕೈ ಅಡ್ಡ ಹಿಡಿದರು. ಪೂಜೆಗೆ ಇಟ್ಟ ಆಯುಧವನ್ನು ಮರುದಿನ ಬನ್ನಿ ತರುವ ತನಕ ಮುಟ್ಟಬಾರದು, ಅದು ಈ ಮನೆಯಲ್ಲಿ ಅವರತ್ತೆಯ ಕಾಲದಿಂದ ಬಂದದ್ದು. ನಾನು ಕೈ ಹಿಂದೆ ತೆಗೆದುಕೊಂಡೆ. ನೀರು ಇಡೀ ರಾತ್ರಿ ಅಲ್ಲೇ ಇಳಿಯಿತು.

ಬನ್ನಿ ಕೊಟ್ಟು ಬಂಗಾರದ ಹಾಗಿರೋಣ ಎಂದು ಎಲ್ಲರಿಗೂ ನಮಸ್ಕಾರ ಮಾಡಿ ಮುಗಿಸಿ ಡಬ್ಬಿಗೆ ವೈರು ಚುಚ್ಚಿದೆ. ದೀಪ ಹತ್ತಿತು. ಪರದೆಯ ಮೇಲೆ ಕಂಪ್ಯೂಟರು ಬಹಳ ಮರ್ಯಾದೆಯಿಂದ ಕೇಳಿತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಫಾರ್ಮ್ಯಾಟ್ ಎಂದರೆ ಒಳಗಿನದನ್ನೆಲ್ಲ ಒರೆಸಿಹಾಕುವುದು. ಬೇಡ ಎಂದು ಒತ್ತಿ, ವೈರು ಕಿತ್ತು, ಬೇರೆ ತೂತಿಗೆ ಚುಚ್ಚಿದೆ. ಅದೇ ಪ್ರಶ್ನೆ. ಬೇರೆ ವೈರು ತಂದೆ. ಅದೇ. ಡಿಸ್ಕುಗಳ ಪಟ್ಟಿ ತೆಗೆದು ನೋಡಿದರೆ ನಮ್ಮದಕ್ಕೆ ಹೆಸರೂ ಇಲ್ಲ, ಅಳತೆಯೂ ಇಲ್ಲ, ಸೊನ್ನೆ. ಆದರೆ ಡಬ್ಬಿಯ ಮೇಲೆ ಅಂಗೈ ಇಟ್ಟರೆ ಒಳಗೆ ಡಿಸ್ಕು ತಿರುಗುವುದು ಗೊತ್ತಾಗುತ್ತಿತ್ತು. ಒಳಗಿದ್ದವರು ಎದ್ದೇ ಇದ್ದಾರೆ, ಬಾಗಿಲಿನ ಚಿಲಕ ಕೆಟ್ಟಿದೆ ಎಂದು ನನಗೆ ಅನ್ನಿಸಿದ್ದು ಆಗಲೇ.

ಆ ವಾರವೇ ಆತ ಬಂದ, ಮೊದಲು ಹೇಳಿದೆನಲ್ಲ, ಆ ಗಿರಾಕಿ. ಮುಡಬಿ ಕಡೆಯವನು, ಕುರಿ ಕಾಯುವ ಮನೆತನ. ತಂದೆ ತಾಯಿ ಇಲ್ಲದ ತಂಗಿಯನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿ, ಬೇಸಿಗೆಯಲ್ಲಿ ರಾಜ್ಯದ ಗಡಿಯಾಚೆಯ ಊರಿಗೆ ಮದುವೆ ಮಾಡಿಕೊಟ್ಟಿದ್ದ. ಆ ಮದುವೆಯನ್ನು ಆತನೇ ನೋಡಿರಲಿಲ್ಲ. ಕುರಿಗಳನ್ನು ಮೋರಖಂಡಿಯ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕೂಡಿಹಾಕಿ ತರುಬಿದ್ದಾಗ ಹಿಂಡಿಗೆ ಬೇನೆ ಬಿದ್ದು, ಮದುವೆಯ ಹಿಂದಿನ ದಿನದಿಂದ ಸಾಯತೊಡಗಿದ್ದವಂತೆ. ತಾಳಿ ಕಟ್ಟುವ ಹೊತ್ತಿಗಾದರೂ ಬರುತ್ತೇನೆ ಎಂದು ತಂಗಿಗೆ ಮಾತು ಕೊಟ್ಟವನಿಗೆ ಆಗಲಿಲ್ಲ. ಬಂದಿದ್ದರೆ ಹಿಂಡು ಉಳಿಯುತ್ತಿರಲಿಲ್ಲ. ಆಮೇಲೆ ಮಳೆಗಾಲವೆಲ್ಲ ಉಳಿದ ಕುರಿಗಳ ಹಿಂದೆ ಊರೂರು ತಿರುಗಿ, ಈಗ ಬಂದಿದ್ದ. ದೀಪಾವಳಿ ಮುಗಿದರೆ ಮತ್ತೆ ಹೊರಡಬೇಕು. ಅಷ್ಟರೊಳಗೆ ವಿಡಿಯೋ ಸಿಗುತ್ತದೆಯೇ ಎಂದು ಕೇಳಿದ.

ನಾನು ತಿರುಗಿ ಇದ್ದದ್ದನ್ನು ಹೇಳಬೇಕು ಎನ್ನುವಷ್ಟರಲ್ಲಿ, ಬಾಗಿಲ ಬಳಿ ಕೂತ ಮಾವನವರು ನನಗಿಂತ ಮೊದಲು ಬಾಯಿ ತೆರೆದರು.

"ಕೆಲಸಾ ನಡ್ಯಾಕತ್ತದ ತಮ್ಮಾ, ಫಿಕರ್ ಮಾಡಬ್ಯಾಡ."

ಆ ಒಂದು ಮಾತಿನಿಂದ ನಾನು ಬೋನಿಗೆ ಬಿದ್ದೆ. ಸುಳ್ಳು ಹೇಳಿದ್ದು ಅವರು, ಅದನ್ನು ಹೊತ್ತು ಕೂರಬೇಕಾದವಳು ನಾನು. ಕೆಲಸ ನಡೆದಿದೆ ಎಂದಮೇಲೆ ಪರದೆಯ ಮೇಲೆ ಏನಾದರೂ ನಡೆಯುತ್ತಿರಬೇಕಲ್ಲ? ಮಾವನವರು ಕಣ್ಣಲ್ಲೇ ಸನ್ನೆ ಮಾಡಿದರು. ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ದುಬಲಗುಂಡಿಯ ಒಂದು ಮದುವೆಯನ್ನು ಹಾಕಿದೆ. ಆತ ಸ್ಟೂಲಿನ ಮೇಲೆ ಕೂತು ಬಗ್ಗಿ ನೋಡಿ, ಇದು ನಮ್ಮದಲ್ಲ ಅಲ್ಲವೇ ಎಂದು ಸಂಕೋಚದಿಂದ ಕೇಳಿದ. ಇವರದು ಮುಗಿದ ಮೇಲೆ ನಿಮ್ಮದು ಎಂದರು ಮಾವನವರು. ಸರದಿ ಇರುತ್ತದೆ ಎಂದು ಆತ ಒಪ್ಪಿಕೊಂಡ. ಜಗಳ ಮಾಡುವ ಗಿರಾಕಿಯನ್ನು ನಾನು ಸುಲಭವಾಗಿ ಎದುರಿಸಬಲ್ಲೆ, ನನ್ನ ನಾಲಗೆಗೆ ಅಷ್ಟು ಉಪ್ಪು ಖಾರ ಇದೆ. ಒಪ್ಪಿಕೊಳ್ಳುವವನನ್ನು ಏನು ಮಾಡುವುದು?

ಆಮೇಲೆ ಆತ ಊರಿಗೆ ಬಂದಾಗಲೆಲ್ಲ ಬರತೊಡಗಿದ. ಕಂಬಳಿ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು, ಅತ್ತೆಯವರು ಕೊಟ್ಟ ಚಹಾ ಕುಡಿದು, "ಆತೇನ್ರಿ ಅಕ್ಕೋರ?" ಎಂದಷ್ಟೇ ಕೇಳಿ, ಸುಮ್ಮನೆ ಕೂತಿರುತ್ತಿದ್ದ. ದುಬಲಗುಂಡಿಯ ಮದುಮಗನಿಗೆ ನಾನು ಎಷ್ಟು ಸಲ ತಾಳಿ ಕಟ್ಟಿಸಿದೆನೋ ಆ ದೇವರಿಗೇ ಗೊತ್ತು. ಹಿಂದಿನಿಂದ ಬರುವ ಆತನ ಉಸಿರು, ಕಂಬಳಿಯ ವಾಸನೆ, ಮುಂದೆ ಗೋಡೆ. ಕುತ್ತಿಗೆ ಬಿಗಿದುಕೊಂಡು ನೋಯುತ್ತಿತ್ತು. ಎದ್ದು ಒಳಗೆ ಹೋದರೆ ಅಲ್ಲಿ ಅತ್ತೆಯವರು. ಡಬ್ಬಿ ಯಾಕೆ ಕೆಟ್ಟಿತು ಎಂದು ಅವರು ಕೇಳುತ್ತಲೇ ಇರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು. ಗಂಡನಿಗೆ ಹೇಳಿದೆ. ಪೂಜೆಯಿಂದ ಕೆಟ್ಟಿತು ಎಂದು ಅವ್ವನ ಮುಂದೆ ಯಾರು ಹೇಳುತ್ತಾರೆ ಎಂದು ಅವರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟರು. ಹೊರಡಲು ಅವರಿಗೊಂದು ಹೆಗಲಚೀಲವಾದರೂ ಇತ್ತು. ನನಗೆ ಅಂದು ಎಲ್ಲರ ಮೇಲೂ ಸಿಟ್ಟು ಬಂದಿತ್ತು, ದೇವರನ್ನೂ ಸೇರಿಸಿ.

ಡಬ್ಬಿ ಬಿಚ್ಚಿ ನೋಡುತ್ತೇನೆ ಎಂದರೆ ಮಾವನವರು ಬೇಡ ಎನ್ನುತ್ತಿದ್ದರು. ಬಿಚ್ಚಿದರೆ ಒಳಗಿನ ಕುಂಕುಮ ಕಾಣುತ್ತದೆ ಎಂದು ಅವರಿಗೂ ಗೊತ್ತಿತ್ತು ಎಂದು ನನ್ನ ಗುಮಾನಿ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರು ನಾವಿಬ್ಬರೂ, ನುಂಗಲಾರೆವು, ಉಗುಳಲಾರೆವು.

ಒಂದು ದಿನ ಆತ ತಾನಾಗಿಯೇ ಮಾತು ತೆಗೆದ. ಮಂದಿ ಮೊಬೈಲಿನಲ್ಲಿ ಹಿಡಿದದ್ದನ್ನು ನೋಡಿದ್ದನಂತೆ, ಅದರಲ್ಲಿ ಬರೀ ಜನರ ತಲೆಗಳು. ಬಂಧುಗಳೆಲ್ಲ ಹೇಳಿದ್ದರಂತೆ, ನೀನು ಬರಲಿಲ್ಲವೆಂದು ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ, ನಗುನಗುತ್ತ ಕೂತಿದ್ದಳು ಎಂದು. ಮದುವೆಯ ನಂತರ ಫೋನಿನಲ್ಲಿ ಆತ ಕೇಳಿದ್ದಕ್ಕೆ ತಂಗಿ ಹೂಂ ಹಾಂ ಎನ್ನುವುದು ಬಿಟ್ಟರೆ ಸರಿಯಾಗಿ ಮಾತಾಡಿರಲಿಲ್ಲ. ಮೊದಲ ದೀಪಾವಳಿಗೆ ತವರಿನವರು ಹೋಗಿ ಮಗಳನ್ನು ಕರೆತರಬೇಕು. ಹೋಗಲು ಆತನಿಗೆ ಮುಖವಿರಲಿಲ್ಲ. ಚಿಕ್ಕಪ್ಪನ ಮಗನನ್ನು ಕಳಿಸುವುದು ಎಂದು ಮಾತಾಗಿತ್ತು.

"ಅಕಿ ನಕ್ಕಿದ್ದು ಒಂದ್ಸಲ ನೋಡಬೇಕ್ರಿ ಅಕ್ಕೋರ," ಅಂದ. "ನೋಡಿದ್ರ ನಾ ಹಗುರ ಆಗ್ತೀನಿ."

ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಯಾಕೆಂದರೆ ಆ ಮದುವೆಯನ್ನು ಮಳೆಗಾಲದಲ್ಲಿ ಒಮ್ಮೆ ಪೂರ್ತಿ ನೋಡಿದವಳು ನಾನೊಬ್ಬಳೇ. ಆ ಹುಡುಗಿ ನಕ್ಕದ್ದು ಒಂದೇ ಸಲ, ಮದುಮಗನ ಬಾಸಿಂಗ ಜಾರಿದಾಗ. ಉಳಿದಂತೆ ಅವಳ ಮುಖ ಕ್ಯಾಮೆರಾಕ್ಕೆ ಸಿಕ್ಕಿರಲೇ ಇಲ್ಲ. ಅರಿಶಿಣದಲ್ಲಿ, ಅಕ್ಷತೆಯಲ್ಲಿ, ತಾಳಿಯ ಹೊತ್ತಿನಲ್ಲಿ, ಎಲ್ಲದರಲ್ಲೂ ಕುತ್ತಿಗೆ ಎಡಕ್ಕೆ ತಿರುಗಿಯೇ ಇತ್ತು. ಎಡಕ್ಕೆ ಪೆಂಡಾಲಿನ ಬಾಗಿಲು. ಈ ಹುಡುಗಿಗೆ ಕ್ಯಾಮೆರಾ ಎಲ್ಲಿದೆ ಅನ್ನುವುದೂ ತಿಳಿಯದೇ ಎಂದು ಆಗ ಬೈದುಕೊಂಡಿದ್ದೆ. ಅಂಥವನ್ನೆಲ್ಲ ಕತ್ತರಿಸಿ ಎಸೆದು, ಸಿಕ್ಕ ಒಂದು ನಗುವನ್ನು ನಿಧಾನವಾಗಿ ಓಡಿಸಿ, ಹಾಡು ಹಾಕಿ ಎಳೆಯುವುದು ನಮ್ಮ ಕಸುಬು. ನಮ್ಮ ವಿಡಿಯೋಗಳಲ್ಲಿ ಅಳುತ್ತ ಕೂತ ಮದುಮಗಳೂ ನಗುತ್ತಾಳೆ.

ಇನ್ನು ತಡೆಯಲಾರೆ ಎನಿಸಿತು. ಹುಮನಾಬಾದಿನ ನನ್ನ ತವರಿಗೆ ಹೋಗಿಬರುತ್ತೇನೆ, ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿಯಿದೆ, ಡಬ್ಬಿಯನ್ನು ತೋರಿಸುತ್ತೇನೆ ಎಂದೆ. ಮಾವನವರು ಒಪ್ಪಿದರು, ಆದರೆ ತಾವೂ ಬರುವುದಾಗಿ ಹೇಳಿದರು. ಬಸ್ಸಿನಲ್ಲಿ ನಾನು ಕಿಟಕಿಗೆ ಒತ್ತಿ ಕೂತೆ, ಡಬ್ಬಿ ನನ್ನ ಮಡಿಲಲ್ಲಿ ಟವೆಲ್ ಸುತ್ತಿಕೊಂಡು ಕೂತಿತು, ಈಚೆ ಅವರು. ಅಂಗಡಿಯಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಅವರು ಹೇಳಲಿಲ್ಲ. ಪಕ್ಕದಲ್ಲಿ ಕೂತದ್ದೇ ಸಾಕಾಗಿತ್ತು.

ಅಂಗಡಿಯವನು ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡೇ ಡಬ್ಬಿಗೆ ವೈರು ಚುಚ್ಚಿದ. ಅವನ ಕಂಪ್ಯೂಟರಿಗೂ ಅದೇ ಮರ್ಯಾದೆ, ಅದೇ ಪ್ರಶ್ನೆ. ಫಾರ್ಮ್ಯಾಟ್ ಹೊಡೆದರೆ ಹೊಸದರಂತೆ ಆಗುತ್ತದೆ ಕಾಕಾ ಎಂದ. ಮಾವನವರಿಗೆ ಆ ಶಬ್ದ ಔಷಧಿಯ ಹೆಸರಿನಂತೆ ಕೇಳಿಸಿರಬೇಕು, ಹೊಸದಾಗುವುದಿದ್ದರೆ ಹೊಡೆಯಿರಿ ಎಂದುಬಿಟ್ಟರು. ಬೇಡ ಎಂದು ನಾನು ಮೇಜಿನ ಮೇಲೆ ಬಗ್ಗಿ ಕೈ ಚಾಚುವಷ್ಟರಲ್ಲಿ ಅವನು ಒತ್ತಿಯೇ ಬಿಟ್ಟಿದ್ದ. ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಗೆರೆ ಸ್ವಲ್ಪ ಹೊತ್ತು ಹಾಗೇ ನಿಂತಿತು. ಆಮೇಲೆ ಫಾರ್ಮ್ಯಾಟ್ ಮಾಡಲು ಆಗಲಿಲ್ಲ ಎಂದು ಬಂತು. ಒಳಗಿನದನ್ನು ನಮಗೆ ತೋರಿಸದ ಚಿಲಕವೇ ಅದನ್ನು ಒರೆಸಲೂ ಬಿಟ್ಟಿರಲಿಲ್ಲ.

ಅಂಗಡಿಯವನು ಫೋನು ಕೆಳಗಿಟ್ಟ. ಡಿಸ್ಕ್ ಸತ್ತಿದೆ, ಬೇರೆ ತೊಗೊಳ್ಳಿ ಎಂದ. ಆಮೇಲೆ ಏನೋ ಹೊಳೆದವನಂತೆ ಕೇಳಿದ, ಎಲ್ಲಾದರೂ ಬಿದ್ದಿತ್ತೇ, ನೀರುಗೀರು ಹೋಗಿತ್ತೇ?

"ಏನೂ ಆಗಿಲ್ರಿ," ಅಂದರು ಮಾವನವರು. "ಹಂಗs ಕೂತಲ್ಲೇ ಕೆಟ್ಟದ."

ಮದುವೆಯಾಗಿ ಬಂದಾಗಿನಿಂದ ನಾನು ನಾಲ್ಕು ಜನರ ಎದುರು ಅವರ ಮಾತಿಗೆ ಎದುರಾಡಿದವಳಲ್ಲ. ಮನೆಯೊಳಗೆ ಗೊಣಗುತ್ತೇನೆ, ಅದು ಬೇರೆ. ಆದರೆ ಆ ಕ್ಷಣ ನನಗೆ ಕಂಡದ್ದು ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತ ಮನುಷ್ಯ.

"ನೀರು ಹೋಗ್ಯದ್ರಿ," ಅಂದೆ. "ಖಂಡೇ ಪೂಜಿ ದಿನ, ತೆಂಗಿನಕಾಯಿ ನೀರು. ಮರುದಿನದ ತನಕಾ ನಾವು ಯಾರೂ ಅದನ್ನ ಮುಟ್ಟಿಲ್ಲ."

ಮಾವನವರು ನನ್ನನ್ನು ನೋಡಲಿಲ್ಲ. ಅಂಗಡಿಯ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಬಹಳ ಹೊತ್ತು ಓದಿದರು.

ನಾನು ಅಂಗಡಿಯವನಿಗೆ ಹೇಳಿದೆ, ಡಬ್ಬಿ ಬಿಚ್ಚಿ ಡಿಸ್ಕನ್ನಷ್ಟೇ ಹೊರತೆಗೆದು ನಿಮ್ಮ ಕಂಪ್ಯೂಟರಿನ ಹೊಟ್ಟೆಯೊಳಗಿನ ವೈರಿಗೆ ಸೀದಾ ಜೋಡಿಸಿ. ಅವನು ಸ್ಕ್ರೂ ಬಿಚ್ಚಿದ. ಡಿಸ್ಕಿಗೂ ವೈರಿಗೂ ನಡುವೆ ಇರುವ ಬೆರಳಗಲದ ಸರ್ಕಿಟ್ ಪಟ್ಟಿಯ ಮೇಲೆ ಹಸಿರು ಕಿಲುಬು ಹಿಡಿದಿತ್ತು, ಅದರ ಮೇಲೆ ಕುಂಕುಮ ಒಣಗಿ ಕೂತಿತ್ತು. ಕೆಟ್ಟದ್ದು ಆ ಪಟ್ಟಿ. ಡಿಸ್ಕಿನ ಮೈ ಒಣಗಿಯೇ ಇತ್ತು, ಒಂದು ಮೂಲೆಗೆ ಮಾತ್ರ ವಿಭೂತಿಯ ಚುಕ್ಕೆ. ಜೋಡಿಸಿ ಶುರು ಮಾಡಿದಾಗ ನಾನು ಪರದೆ ನೋಡಲಿಲ್ಲ, ಅಂಗಡಿಯವನ ಮುಖ ನೋಡುತ್ತಿದ್ದೆ. ಅವನು ಬಂತ್ರಿ ಎಂದ. ಊರಿನ ಹೆಸರು ಹಾಕಿ ನಾನು ಇಟ್ಟ ಮದುವೆಗಳೆಲ್ಲ ಸಾಲಾಗಿ ಬಂದು ನಿಂತವು, ಮುಡಬಿಯದೂ ಇತ್ತು. ನನಗೆ ಅಳು ಬಂತು, ಸೆರಗಿನಿಂದ ಮೂಗು ಒರೆಸಿಕೊಂಡೆ. ಅಲ್ಲೇ ಇನ್ನೊಂದು ಡಿಸ್ಕಿಗೆ ಎಲ್ಲವನ್ನೂ ಇಳಿಸಿಕೊಂಡೆವು. ಅದು ಮುಗಿಯುವಷ್ಟರಲ್ಲಿ ಮಾವನವರು ಹೊರಗೆ ಹೋಗಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು ಪೊಟ್ಟಣವನ್ನು ನನ್ನ ಮುಂದೆ ಇಟ್ಟರು.

ತವರಿಗೆ ಹೋಗುವುದು ಹಾಗೇ ಉಳಿಯಿತು. ಮರಳುವ ಬಸ್ಸಿನಲ್ಲಿ, ಊರು ಹತ್ತಿರ ಬಂದಾಗ, ಮನೆಯಲ್ಲಿ ನಾನೇ ಹೇಳುತ್ತೇನೆ ಎಂದರು ಮಾವನವರು. ಹೇಳಿದರು ಕೂಡ, ಚಪ್ಪಲಿ ಬಿಡುತ್ತಲೇ, ನಾನಿನ್ನೂ ಹೊಸ್ತಿಲಲ್ಲಿ ಇರುವಾಗಲೇ. ನಾನು ಒಂದು ದೊಡ್ಡ ರಂಪಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ನಿಂತಿದ್ದೆ. ಅತ್ತೆಯವರು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟು ಕೂತಲ್ಲೇ ನಿಟ್ಟುಸಿರು ಬಿಟ್ಟರು.

"ಬರೇ ನೀರೇನವಾ?" ಅಂದರು ನನಗೆ. "ನನ್ನ ಪೂಜಿಗೆ ದೇವರs ಸಿಟ್ಟಾಗ್ಯಾನ ಅಂತ ತಿಳ್ಕೊಂಡು ದಿನಾ ಹೆದರಿ ಸಾಯಾಕತ್ತಿದ್ದೆ. ಮೊದಲs ಹೇಳಬಾರದಿತ್ತೇನು?"

ನಾವು ಅವರಿಂದ ಮುಚ್ಚಿಟ್ಟದ್ದು ಅವರ ಭಕ್ತಿಗೆ ನೋವಾದೀತು ಎಂದು. ಅವರು ಅಷ್ಟೂ ದಿನ ಒಬ್ಬರೇ ದೇವರ ಖೋಲಿಯಲ್ಲಿ ಕೂತು ಆ ಡಬ್ಬಿಗಾಗಿ ಹರಕೆ ಹೊತ್ತಿದ್ದರು. ಮನೆ ತುಂಬ ಮಂದಿ, ಒಬ್ಬೊಬ್ಬರಿಗೆ ಒಂದೊಂದು ಬೋನು. ಮುಂದಿನ ವರ್ಷ ಡಬ್ಬಿಗೆ ವಿಭೂತಿಯಷ್ಟೇ ಸಾಕು ಎಂದು ಅವರೇ ತೀರ್ಪು ಕೊಟ್ಟರು.

ಆತ ಬಂದದ್ದು ದೀಪಾವಳಿಗೆ ಸ್ವಲ್ಪವೇ ದಿನಗಳಿರುವಾಗ. ನಾನಿನ್ನೂ ಏನನ್ನೂ ಕತ್ತರಿಸಿರಲಿಲ್ಲ. ಒಂದು ಯೋಚನೆ ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು. ಆ ಬಾಸಿಂಗದ ನಗು ಇದೆಯಲ್ಲ, ಅದನ್ನೇ ಎಳೆದು ಕೊಟ್ಟರಾಯಿತು, ಆತ ಹಗುರಾಗಿ ಕುರಿ ಹೊಡೆದುಕೊಂಡು ಹೋಗುತ್ತಾನೆ. ಬಂಧುಗಳು ಹೇಳಿದ ಮಾತೂ ಉಳಿಯುತ್ತದೆ. ಆದರೆ ಮಾವನವರ ಒಂದು 'ನಡ್ಯಾಕತ್ತದ' ಎಂಬುದರ ಭಾರ ನನ್ನ ಕುತ್ತಿಗೆಯಲ್ಲಿ ಇನ್ನೂ ಇತ್ತು. ಇನ್ನೊಂದನ್ನು ಹೊರುವ ಶಕ್ತಿ ನನಗಿರಲಿಲ್ಲ. ಸ್ಟೂಲು ಹತ್ತಿರ ಎಳೆದುಕೊಳ್ಳಿ ಎಂದು ಹೇಳಿ, ಮದುವೆಯನ್ನು ಇದ್ದಂತೆಯೇ ಹಾಕಿದೆ.

ಆತ ಮೊದಲು ನಕ್ಕ. ತನ್ನ ಅಂಗಳ, ತನ್ನ ಜನ, ತಾನೇ ತಂದುಕೊಟ್ಟ ಸೀರೆ. ನಡುವೆ ಬಾಸಿಂಗ ಜಾರಿ ತಂಗಿ ನಕ್ಕಾಗ ಆತನೂ ಬಾಯಿ ತುಂಬ ನಕ್ಕು, ನೋಡ್ರಿ ಎಂದು ಮಾವನವರಿಗೂ ತೋರಿಸಿದ. ಅಕ್ಷತೆ ಬಂತು. ಎಲ್ಲರ ಕೈಯೂ ಮೇಲೆದ್ದಿತ್ತು, ವಾಲಗದ ಸದ್ದು ಏರಿತ್ತು. ಹುಡುಗಿಯ ಕುತ್ತಿಗೆ ಮಾತ್ರ ಎಡಕ್ಕೆ. ಯಾರೋ ಹೆಂಗಸು ಗಲ್ಲ ಹಿಡಿದು ಮುಂದಕ್ಕೆ ತಿರುಗಿಸಿದರೆ, ಕೈ ಬಿಟ್ಟ ಕೂಡಲೇ ಮತ್ತೆ ಅತ್ತ ಕಡೆಗೇ.

"ಮಾರಿ ಆ ಕಡೆ ಯಾಕ ತಿರುಗಿಸ್ಯಾಳ್ರಿ?" ಅಂದ ಆತ. "ಅಲ್ಲೇನದ?"

ಆವತ್ತು ನಾನು ಗೋಡೆಗೆ ಮುಖ ಮಾಡಿ ಉತ್ತರ ಕೊಡಲಿಲ್ಲ. ಕುರ್ಚಿಯನ್ನು ಪೂರ್ತಿ ತಿರುಗಿಸಿ ಆತನ ಎದುರಿಗೆ ಕೂತೆ.

"ಅಲ್ಲಿ ಪೆಂಡಾಲಿನ ಬಾಗಲಾ ಅದ್ರಿ. ನಿಮ್ಮ ದಾರಿ ನೋಡಾಕತ್ತಾಳ."

ಆತನ ಮುಖದ ಮೇಲಿದ್ದ ನಗು ಒಮ್ಮೆಲೇ ಹೋಗಲಿಲ್ಲ, ಸ್ವಲ್ಪ ಸ್ವಲ್ಪವಾಗಿ ಹೋಯಿತು. ಮಾವನವರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ನಾನು ತಪ್ಪು ಮಾಡಿದೆನೇ ಅನ್ನಿಸಿತು. ಬೇಡವೆಂದರೆ ಅಷ್ಟನ್ನು ತೆಗೆದುಹಾಕುತ್ತೇನೆ ಎಂದೆ. ಆತ ತಲೆ ಅಲ್ಲಾಡಿಸಿದ. ಇನ್ನೊಮ್ಮೆ ಹಾಕಲು ಹೇಳಿದ. ಹಾಕಿದೆ. ತಾಳಿಯ ಹೊತ್ತಿಗೂ ಅವಳು ಬಾಗಿಲನ್ನೇ ನೋಡುತ್ತಿದ್ದಳು. ಆತ ಕಂಬಳಿಯ ಅಂಚಿನಿಂದ ಕಣ್ಣು ಒರೆಸಿಕೊಂಡ.

ಆಮೇಲೆ ಎದ್ದು ನಿಂತು, ಗಡಿಯಾಚೆ ಹೋಗುವ ಬಸ್ಸು ಯಾವಾಗ ಬರುತ್ತದೆ ಎಂದು ಮಾವನವರನ್ನು ಕೇಳಿದ. ಹಬ್ಬಕ್ಕೆ ಕರೆಯಲು ಚಿಕ್ಕಪ್ಪನ ಮಗ ಹೋಗುತ್ತಾನೆ ಅಂದಿದ್ದೆಯಲ್ಲ ಎಂದರು ಮಾವನವರು.

"ಬ್ಯಾಡ್ರಿ," ಅಂದ. "ನಾನs ಹೋಗ್ತೀನಿ."

ಮಾವನವರು ಟೊಪ್ಪಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಆತನ ಜೊತೆ ಬಸ್ ಸ್ಟ್ಯಾಂಡಿನ ತನಕ ನಡೆದುಹೋದರು.